ಸೋಂಪಿನ ಪರಿಮಳದ ಮೆತ್ತನೆಯ ಕುಕ್ಕಿ: ಮನೆಯಲ್ಲಿ ತಯಾರಿಸುವ ಬಗೆ

ಬಿಸ್ಕತ್ತು ಎಂದರೆ ಕಡಿದಾಗ ಸದ್ದಾಗಬೇಕು, ಇಲ್ಲವೇ ಬಾಯಲ್ಲಿಟ್ಟೊಡನೆ ಪುಡಿಯಾಗಬೇಕು ಎಂಬುದು ಹಾಸನದವರಾದ ನಮ್ಮ ನಾಲಗೆಗೆ ಅಂಟಿಕೊಂಡಿರುವ ರೂಢಿ. ಅದು ಸಹಜವೂ ಹೌದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆಯಲ್ಲಿದೆ. ಹಾಸನದಿಂದ ಹೋದ ತಿರುಮಲಾಚಾರ್ಯರು 1898ರಲ್ಲಿ ಅಲ್ಲಿ ತೆರೆದ ಬೇಕರಿಯಿಂದ ಆ ಪರಂಪರೆ ಬೆಳೆಯಿತು. ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತುಗಳನ್ನು ತಿಂದು ಬೆಳೆದವರಿಗೆ ಮೆತ್ತನೆಯ ಕುಕ್ಕಿಯನ್ನು ಮೊದಲ ಸಲ ಕೊಟ್ಟರೆ ಅದು ಹಸಿಯಾಗಿಯೇ ಉಳಿದಿದೆ ಎಂದು ಅವರು ಭಾವಿಸುತ್ತಾರೆ. ನಾನು ಮೊದಲ ಬಾರಿ ಇದನ್ನು ತಟ್ಟೆಯಲ್ಲಿಟ್ಟು ಕೊಟ್ಟಾಗ ನಮ್ಮ ಅತ್ತೆಯವರು ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಬೆಂದಿಲ್ವೇನಮ್ಮ, ಮೆತ್ತಗಿದೆಯಲ್ಲ?" ಎಂದೇ ಕೇಳಿದರು. ಒತ್ತಿದರೆ ತಗ್ಗಿ ನಿಧಾನವಾಗಿ ಮೇಲೇಳುವುದು, ಮುರಿದರೆ ಒಳಗೆ ಕೇಕಿನಂತೆ ಸಣ್ಣ ಸಣ್ಣ ರಂಧ್ರಗಳು ಕಾಣುವುದು, ಅಗಿಯುವಾಗ ತಂಪಾದ ಸಿಹಿ ಪರಿಮಳ ಮೂಗಿಗೆ ಏರುವುದು ಈ ಕುಕ್ಕಿಯ ಲಕ್ಷಣ. ದಕ್ಷಿಣ ಇಟಲಿಯ ಮನೆಗಳಲ್ಲಿ ಕ್ರಿಸ್‌ಮಸ್, ಈಸ್ಟರ್ ಮತ್ತು ಮದುವೆಗಳಿಗೆ ಇಂಥವನ್ನು ಮಾಡಿ, ಮೇಲೆ ಬಿಳಿ ಸಕ್ಕರೆಯ ಲೇಪನ ಕೊಟ್ಟು ಹಂಚುತ್ತಾರೆ. ಈ ತಿನಿಸಿನಲ್ಲಿ ಪರಿಮಳ ಮತ್ತು ಮೃದುತ್ವ ಎರಡು ಬೇರೆ ಬೇರೆ ಕೆಲಸಗಳು. ಪರಿಮಳವನ್ನು ಬೆಣ್ಣೆಗೆ ಇಳಿಸಬೇಕು. ಮೃದುತ್ವವನ್ನು ಹಿಟ್ಟಿನ ತೇವದಲ್ಲಿ ಕಾಪಾಡಬೇಕು. ಇವೆರಡನ್ನೂ ಪ್ರತ್ಯೇಕವಾಗಿ ಗಮನಿಸಿದರೆ ಮೊದಲ ಪ್ರಯತ್ನದಲ್ಲಿಯೇ ಕುಕ್ಕಿ ಚೆನ್ನಾಗಿ ಬರುತ್ತದೆ.

ಮೂಲ ಪಾಕದಲ್ಲಿ ಬಳಸುವುದು ಆನಿಸ್ ಎಂಬ ಸಣ್ಣ, ಬೂದುಹಸಿರು ಬಣ್ಣದ ಕಾಳು. ಉತ್ತರ ಭಾರತದವರು ಅದನ್ನು ವಿಲಾಯತಿ ಸೌಂಫ್ ಎನ್ನುತ್ತಾರೆ. ಅದು ನಮ್ಮ ಸೋಂಪಲ್ಲ, ಆದರೆ ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಪಲಾವಿಗೆ ಹಾಕುವ ಚಕ್ರಮೊಗ್ಗು ಇವೆರಡಕ್ಕೂ ಸಂಬಂಧವಿಲ್ಲದ ಒಂದು ಮರದ ಕಾಯಿ. ಹಾಗಿದ್ದರೂ ಮೂರರ ಸಿಹಿ ವಾಸನೆ ಒಂದೇ ಬಗೆಯದಾಗಿರುವುದಕ್ಕೆ ಕಾರಣ ಅವುಗಳ ಎಣ್ಣೆಯಲ್ಲಿರುವ ಅನೆಥೋಲ್ ಎಂಬ ಒಂದೇ ಅಂಶ. ಸೋಂಪಿನಲ್ಲಿ ಅನೆಥೋಲ್ ಜೊತೆಗೆ ಕರ್ಪೂರದ ಛಾಯೆಯ, ತುಸು ಕಹಿಯಾದ ಫೆಂಕೋನ್ ಕೂಡ ಇರುವುದರಿಂದ ಸೋಂಪನ್ನು ಮಾತ್ರ ಹಾಕಿದರೆ ಕುಕ್ಕಿ ಊಟದ ನಂತರ ಹೋಟೆಲಿನ ಗಲ್ಲಾದ ಬಳಿ ಕೊಡುವ ಬಾಯಿಶುದ್ಧಿಯನ್ನು ನೆನಪಿಸುತ್ತದೆ. ಚಕ್ರಮೊಗ್ಗನ್ನು ಮಾತ್ರ ಹಾಕಿದರೆ ಪಲಾವಿನ ನೆನಪು ಬರುತ್ತದೆ. ಸೋಂಪು ಹೆಚ್ಚು, ಚಕ್ರಮೊಗ್ಗು ಕಡಿಮೆ ಎಂಬ ಪ್ರಮಾಣದಲ್ಲಿ ಎರಡನ್ನೂ ಕೂಡಿಸಿದಾಗ ಮಾತ್ರ ಆನಿಸ್‌ಗೆ ಹತ್ತಿರವಾದ ದುಂಡನೆಯ ಪರಿಮಳ ಸಿಗುತ್ತದೆ. ಆನಿಸ್ ಸಾರವನ್ನು ಬಾಟಲಿಯಲ್ಲಿ ತರಿಸಿಕೊಳ್ಳುವವರಿದ್ದಾರೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಿಗುವ ಕಾಳಿನಿಂದಲೇ ಇಷ್ಟು ಒಳ್ಳೆಯ ಪರಿಮಳ ಬರುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಸೋಂಪನ್ನು ಕೊಳ್ಳುವಾಗ ಸಣ್ಣಗೆ, ತೆಳ್ಳಗೆ, ಹಸಿರಾಗಿರುವ ಲಕ್ನೋ ಸೋಂಪನ್ನು ಆರಿಸಿಕೊಳ್ಳಬೇಕು, ಏಕೆಂದರೆ ದಪ್ಪ ಕಾಳಿಗಿಂತ ಅದರಲ್ಲಿ ಸಿಹಿ ಹೆಚ್ಚು, ನಾರು ಕಡಿಮೆ. ಎರಡು ಕಾಳನ್ನು ಅಂಗೈಯಲ್ಲಿ ಉಜ್ಜಿದರೆ ವಾಸನೆ ಕೂಡಲೇ ಬರಬೇಕು. ಚಕ್ರಮೊಗ್ಗಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇದನ್ನೇ ಹೋಲುವ ಜಪಾನಿನ ಒಂದು ಜಾತಿಯ ಕಾಯಿ ವಿಷಕಾರಿಯಾದುದರಿಂದ ಎಲ್ಲಿಯದೆಂದು ತಿಳಿಯದ ಬಿಡಿ ಸರಕನ್ನು ತರುವ ಬದಲು, ದಿನವೂ ದಿನಸಿ ಕೊಳ್ಳುವ ನಂಬಿಕೆಯ ಅಂಗಡಿಯಲ್ಲಿಯೇ ಕೊಳ್ಳುವುದು ಒಳ್ಳೆಯದು.

ಇನ್ನು ಪರಿಮಳವನ್ನು ಇಳಿಸುವ ಕೆಲಸ. ಅನೆಥೋಲ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಸೋಂಪಿನ ಪುಡಿಯನ್ನು ಮೈದಾಗೆ ಬೆರೆಸಿ ಬಿಡುವುದಕ್ಕಿಂತ ಬೆಣ್ಣೆಗೆ ಹಾಕಿ ನೆನೆಸುವುದು ಎಷ್ಟೋ ಪಾಲು ಫಲಕಾರಿ. ತುಂಬಿದ 2 ಟೀ ಚಮಚ ಸೋಂಪನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಣ್ಣ ತಿರುಗುವ ಮೊದಲೇ ಇಳಿಸಿ, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಬೇಕು. ಚಕ್ರಮೊಗ್ಗಿಗೆ ಸಾಮಾನ್ಯವಾಗಿ ಎಂಟು ಎಸಳುಗಳಿರುತ್ತವೆ. ನಾಲ್ಕು ಎಸಳುಗಳನ್ನು ಮುರಿದು ಇದರೊಡನೆ ಜಜ್ಜಿದರೆ ಸಾಕು. ಚಿಕ್ಕ ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಕರಗಿಸಿ, ಕುಟ್ಟಿದ್ದನ್ನು ಅದಕ್ಕೆ ಹಾಕಿ, ಅತಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಡಬೇಕು. ಈ ಐದು ನಿಮಿಷ ಒಲೆಯ ಮುಂದಿನಿಂದ ಕದಲಬಾರದು. ಮೊದಲು ಅಂಚಿನಲ್ಲಿ ಬಿಳಿ ನೊರೆ ಕಟ್ಟುತ್ತದೆ, ಕಾಳುಗಳು ನೊರೆಯೊಳಗೆ ಮೆಲ್ಲನೆ ಹೊರಳುತ್ತವೆ, ಅಡುಗೆಮನೆ ತುಂಬ ಸಿಹಿಯಾದ ವಾಸನೆ ಹರಡುತ್ತದೆ. ಅಷ್ಟಕ್ಕೇ ನಿಲ್ಲಿಸಬೇಕು. ಚಟಪಟ ಸದ್ದು ಜೋರಾಗಿ, ಮತ್ತೆ ತಗ್ಗಿ, ತಳದಲ್ಲಿ ಕಂದು ಬಣ್ಣ ಕಾಣಿಸಿತೆಂದರೆ ಬೆಣ್ಣೆ ತುಪ್ಪವಾಗಿದೆ ಎಂದರ್ಥ. ತುಪ್ಪದಲ್ಲಿ ನೀರಿನ ಅಂಶ ಇಲ್ಲದ ಕಾರಣ ಅದರಿಂದ ಮಾಡಿದ ಕುಕ್ಕಿ ನಾನ್‌ಖಟಾಯಿಯಂತೆ ಪುಡಿಯಾಗುವುದೇ ಹೊರತು ಮೆತ್ತಗಾಗದು. ಒಲೆ ಆರಿಸಿ, ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಟ್ಟು, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಕಾಳನ್ನು ಚಮಚದಿಂದ ಒತ್ತಿ ಹಿಂಡಿದರೆ 85 ರಿಂದ 90 ಗ್ರಾಂ ಬೆಣ್ಣೆ ಉಳಿಯುತ್ತದೆ. ಅದು ಮತ್ತೆ ಗಟ್ಟಿಯಾಗಿ, ಬೆರಳು ಒತ್ತಿದರೆ ಸುಲಭವಾಗಿ ಗುಂಡಿ ಬೀಳುವ ಹದಕ್ಕೆ ಬರುವವರೆಗೆ ಕಾಯಬೇಕು. ಮನೆಯಲ್ಲಿ ಕಡೆದ ಬೆಣ್ಣೆಯನ್ನು ಬಳಸುವವರು ಅದನ್ನು ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆದು ಮಜ್ಜಿಗೆಯನ್ನು ಪೂರ್ತಿ ತೆಗೆದಿರಬೇಕು. ಇಲ್ಲದಿದ್ದರೆ ಹುಳಿ ವಾಸನೆ ಸೋಂಪನ್ನು ಮುಚ್ಚಿಬಿಡುತ್ತದೆ.

ಉಳಿದ ಸಾಮಗ್ರಿ ಸರಳ. 250 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು, 100 ಗ್ರಾಂ ಪುಡಿ ಸಕ್ಕರೆ, 2 ಮೊಟ್ಟೆ, 2 ದೊಡ್ಡ ಚಮಚ ಹಾಲು, ಒಂದು ದೊಡ್ಡ ಚಮಚ ಜೇನುತುಪ್ಪ, ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ ಹಾಗೂ ಹಿಟ್ಟಿಗೆ ಬೆರೆಸಲು ಅರ್ಧ ಟೀ ಚಮಚ ನುಣ್ಣಗೆ ಪುಡಿ ಮಾಡಿದ ಸೋಂಪು ಬೇಕು. ಇಷ್ಟರಿಂದ ಸುಮಾರು 28 ಕುಕ್ಕಿಗಳಾಗುತ್ತವೆ. ಮೈದಾವನ್ನು ಲೋಟದಲ್ಲಿ ಅಳೆಯದೆ ತೂಕ ಮಾಡಿಯೇ ಹಾಕಬೇಕೆಂದು ಒತ್ತಿ ಹೇಳುತ್ತೇನೆ. ಅದುಮಿ ತುಂಬಿದ ಲೋಟಕ್ಕೂ ಸಡಿಲವಾಗಿ ತುಂಬಿದ ಲೋಟಕ್ಕೂ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಬರುವುದುಂಟು, ಮತ್ತು ಈ ಕುಕ್ಕಿ ಗಟ್ಟಿಯಾಗುವುದಕ್ಕೆ ಅಷ್ಟು ಹೆಚ್ಚಿನ ಮೈದಾ ಸಾಕು. ನಿಂಬೆಯ ಸಿಪ್ಪೆ ತುರಿಯುವಾಗ ಹಳದಿ ಪದರವನ್ನು ಮಾತ್ರ ತೆಗೆಯಬೇಕು, ಒಳಗಿನ ಬಿಳಿ ಭಾಗ ಕಹಿ. ಜೇನುತುಪ್ಪ ಇಟಲಿಯ ಪಾಕದಲ್ಲಿ ಇರಲೇಬೇಕೆಂದೇನಿಲ್ಲ. ಅದನ್ನು ಸೇರಿಸಿದವಳು ನಾನು. ಜೇನು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣವುಳ್ಳದ್ದಾದ್ದರಿಂದ ಮೂರನೆಯ ದಿನವೂ ಕುಕ್ಕಿ ಮೆತ್ತಗೆ ಉಳಿಯುತ್ತದೆ. ಸಕಲೇಶಪುರದ ಕಡೆಯಿಂದ ಬರುವ ತುಡುವೆ ಜೇನು ಸಿಕ್ಕರೆ ಅದರ ಹೂವಿನ ಪರಿಮಳ ಸೋಂಪಿಗೆ ಚೆನ್ನಾಗಿ ಹೊಂದುತ್ತದೆ.

ಬೇಕಿಂಗ್ ಪೌಡರಿನ ಅಳತೆಯ ಬಗ್ಗೆ ಎರಡು ಮಾತು. ಸಮುದ್ರಮಟ್ಟದ ಊರಿನವರು ಬರೆದ ಪಾಕಗಳಲ್ಲಿ ಇಷ್ಟೇ ಮೈದಾಗೆ 2 ಟೀ ಚಮಚ ಎಂದಿರುವುದನ್ನು ಕಾಣಬಹುದು. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತಲೂ ನೂರು ಮೀಟರಿಗೆ ಮೇಲ್ಪಟ್ಟು ಎತ್ತರ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಕಡಿಮೆಯಾದಷ್ಟೂ ಹಿಟ್ಟಿನೊಳಗಿನ ಅನಿಲ ಹೆಚ್ಚು ಹಿಗ್ಗುವುದರಿಂದ ಪೂರ್ಣ ಅಳತೆಯ ಪೌಡರ್ ಹಾಕಿದರೆ ಕುಕ್ಕಿ ಬೇಗ ಉಬ್ಬಿ, ಗೋಡೆ ಗಟ್ಟಿಯಾಗುವ ಮೊದಲೇ ಕುಸಿದು, ನಡುವೆ ತಗ್ಗಾಗುತ್ತದೆ. ಮಂಗಳೂರಿನಲ್ಲಿರುವ ನನ್ನ ತಂಗಿ 2 ಟೀ ಚಮಚ ಹಾಕಿ ಮಾಡುವ ಕುಕ್ಕಿ ದುಂಡಗೆ ನಿಲ್ಲುತ್ತದೆ. ಅದೇ ಅಳತೆ ನಮ್ಮ ಮನೆಯಲ್ಲಿ ಕುಸಿಯಿತು. ಪೌಡರ್ ಡಬ್ಬಿ ತೆರೆದು ಬಹುಕಾಲವಾಗಿದ್ದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಬೇಕು. ಭರ್ರನೆ ನೊರೆ ಏಳದಿದ್ದರೆ ಹೊಸದನ್ನು ತರುವುದೇ ಸರಿ.

ಹದವಾಗಿ ಗಟ್ಟಿಯಾದ ಬೆಣ್ಣೆಗೆ ಪುಡಿ ಸಕ್ಕರೆಯನ್ನು ಸೇರಿಸಿ, ಮರದ ಸೌಟಿನಲ್ಲಿ ಇಲ್ಲವೇ ಬೀಟರಿನಲ್ಲಿ ಬಣ್ಣ ಬಿಳುಚುವ ತನಕ ತಿರುವಬೇಕು. ಕೈಯಲ್ಲಾದರೆ ಆರೇಳು ನಿಮಿಷ ಹಿಡಿಯುತ್ತದೆ. ಮೊಟ್ಟೆಗಳು ಫ್ರಿಜ್ಜಿನಿಂದ ಆಗಷ್ಟೇ ತೆಗೆದವಾಗಿದ್ದರೆ ಬೆಣ್ಣೆ ಮತ್ತೆ ಗಟ್ಟಿಯಾಗಿ ಮಿಶ್ರಣ ಒಡೆದ ಹಾಲಿನಂತೆ ಕಾಣುತ್ತದೆ. ಒಂದು ಗಂಟೆ ಮೊದಲೇ ಹೊರಗಿಟ್ಟು, ಒಂದೊಂದಾಗಿ ಸೇರಿಸಬೇಕು. ಅನಂತರ ಜೇನು, ಹಾಲು, ನಿಂಬೆಯ ತುರಿ. ಮೈದಾ, ಬೇಕಿಂಗ್ ಪೌಡರ್, ಉಪ್ಪು, ಸೋಂಪಿನ ಪುಡಿಯನ್ನು ಒಟ್ಟಿಗೆ ಜರಡಿ ಹಿಡಿದು ಎರಡು ಕಂತಿನಲ್ಲಿ ಹಾಕಿ, ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಬೇಕು. ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈಗೆ ಇದು ಕಷ್ಟದ ಮಾತು, ಏಕೆಂದರೆ ಅಂಟುವ ಹಿಟ್ಟನ್ನು ಕಂಡೊಡನೆ ಇನ್ನಷ್ಟು ಮೈದಾ ಉದುರಿಸಿ ನಾದಿಬಿಡಬೇಕೆನಿಸುತ್ತದೆ. ನಾದಿದಷ್ಟೂ ಮೈದಾದ ಜಿಗುಟು ಬಲಗೊಂಡು ಕುಕ್ಕಿ ಬನ್ನಿನಂತೆ ಎಳೆಯುತ್ತದೆ. ಸರಿಯಾದ ಹದದಲ್ಲಿ ಹಿಟ್ಟು ಉದ್ದಿನ ವಡೆಯ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಬಹಳ ಸಡಿಲ; ಬೆರಳಿಗೆ ಅಂಟುತ್ತದೆ, ಆದರೆ ಎಣ್ಣೆ ಸವರಿದ ಅಂಗೈಯಲ್ಲಿ ಉಂಡೆಯಾಗುತ್ತದೆ. ಈ ಹಂತದಲ್ಲಿ ಪಾತ್ರೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿ 40 ನಿಮಿಷ ಇಟ್ಟರೆ ಮೈದಾ ತೇವವನ್ನು ಹೀರಿಕೊಂಡು, ಬೆಣ್ಣೆ ಗಟ್ಟಿಯಾಗಿ, ಅಂಟು ತಾನಾಗಿಯೇ ತಗ್ಗುತ್ತದೆ.

ದೊಡ್ಡ ನೆಲ್ಲಿಕಾಯಿಯ ಗಾತ್ರದ, ಅಂದರೆ ಸುಮಾರು 20 ಗ್ರಾಂ ತೂಕದ ಉಂಡೆಗಳನ್ನು ಮಾಡಿ, ಬಟರ್ ಪೇಪರ್ ಹಾಸಿದ ಟ್ರೇಯಲ್ಲಿ ಎರಡು ಬೆರಳಿನ ಅಂತರದಲ್ಲಿ ಜೋಡಿಸಬೇಕು. ಮೇಲಿಂದ ಒತ್ತುವುದು ಬೇಡ, ಉಂಡೆ ಒಲೆಯಲ್ಲಿ ತಾನೇ ತುಸು ಹರಡಿ ಗುಮ್ಮಟದ ಆಕಾರ ಪಡೆಯುತ್ತದೆ.

ಒಟಿಜಿಯನ್ನು, ಅಂದರೆ ಮನೆಬಳಕೆಯ ವಿದ್ಯುತ್ ಓವನ್ನನ್ನು, 175 ಡಿಗ್ರಿಗೆ ಇಟ್ಟು 15 ನಿಮಿಷ ಮುಂಚಿತವಾಗಿ ಕಾಯಿಸಿ, ನಡುವಿನ ಅಂತಸ್ತಿನಲ್ಲಿ ಟ್ರೇ ಇಟ್ಟು 10 ರಿಂದ 12 ನಿಮಿಷ ಬೇಯಿಸಬೇಕು. ಮನೆಬಳಕೆಯ ಚಿಕ್ಕ ಒಟಿಜಿಗಳಲ್ಲಿ ಹಿಂಭಾಗದ ಕಾವು ಹೆಚ್ಚಿರುವುದುಂಟು, ಆದ್ದರಿಂದ ಆರನೆಯ ನಿಮಿಷದಲ್ಲಿ ಟ್ರೇಯನ್ನು ತಿರುಗಿಸಿಡುವುದು ಒಳಿತು. ಇಲ್ಲಿಂದ ಮುಂದೆ ಗಡಿಯಾರಕ್ಕಿಂತ ಕಣ್ಣನ್ನು ನಂಬಬೇಕು. ಒಂಬತ್ತನೆಯ ನಿಮಿಷಕ್ಕೆ ಮೇಲ್ಮೈಯ ಹೊಳಪು ಹೋಗಿ ಮಂಕಾಗುತ್ತದೆ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ, ಬಣ್ಣ ಮಾತ್ರ ಹಾಲುಕೆನೆಯಂತೆಯೇ ಇರುತ್ತದೆ. ಒಂದನ್ನು ತೆಳುವಾದ ಸಟ್ಟುಗದಿಂದ ಎತ್ತಿ ಅಡಿಯನ್ನು ನೋಡಿದರೆ ಅಂಚಿನಲ್ಲಿ ಉಂಗುರದಂತೆ ತಿಳಿ ಹೊಂಬಣ್ಣ ಕಟ್ಟಿರಬೇಕು. ಆ ಕ್ಷಣವೇ ಹೊರತೆಗೆಯಬೇಕು. ಮೇಲ್ಭಾಗ ಹೊಂಬಣ್ಣಕ್ಕೆ ಬರಲೆಂದು ಇನ್ನೆರಡು ನಿಮಿಷ ಕಾದರೆ ಒಳಗಿನ ತೇವವೆಲ್ಲ ಹೋಗಿ ಬಿಸ್ಕತ್ತೇ ಆಗುತ್ತದೆ. ಟ್ರೇಯ ಬಿಸಿಯಲ್ಲಿಯೇ ಐದು ನಿಮಿಷ ಬಿಟ್ಟರೆ ಉಳಿದ ಅಲ್ಪಸ್ವಲ್ಪ ಹಸಿತನ ಬೆಂದುಹೋಗುತ್ತದೆ. ಬಳಿಕ ತಂತಿಯ ಜಾಲರಿಯ ಮೇಲೆ ಆರಲು ಇಡಬೇಕು, ಏಕೆಂದರೆ ಟ್ರೇಯಲ್ಲೇ ಬಹಳ ಹೊತ್ತು ಬಿಟ್ಟರೆ ಅಡಿಯಲ್ಲಿ ಬೆವರು ನಿಲ್ಲುತ್ತದೆ.

ಒಟಿಜಿ ಇಲ್ಲದವರು, ಅಥವಾ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂರಲಾಗದವರು, ದಪ್ಪ ತಳದ ಅಗಲವಾದ ಪಾತ್ರೆಯಲ್ಲಿಯೂ ಇದನ್ನು ಬೇಯಿಸಬಹುದು. ತಳಕ್ಕೆ ಒಂದು ಬೆರಳು ದಪ್ಪಕ್ಕೆ ಪುಡಿ ಉಪ್ಪು ಹರಡಿ, ನಡುವೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಆರೇಳು ಉಂಡೆಗಳಿರುವ ತಟ್ಟೆಯನ್ನು ಇಳಿಸಿ, ಸಣ್ಣ ಉರಿಯಲ್ಲಿ 15 ರಿಂದ 18 ನಿಮಿಷ ಬಿಡಬೇಕು. ಕುಕ್ಕರನ್ನೇ ಬಳಸುವುದಾದರೆ ಗ್ಯಾಸ್ಕೆಟ್ ಮತ್ತು ವೆಯಿಟ್ ಎರಡನ್ನೂ ತೆಗೆದಿರಬೇಕು, ನೀರು ಹಾಕಬಾರದು. ಅಡಿ ಬೇಗ ಕೆಂಪಾಗುವುದರಿಂದ ತಟ್ಟೆಯ ಕೆಳಗೆ ಇನ್ನೊಂದು ತಟ್ಟೆಯನ್ನು ಬೋರಲಿಡುವುದು ನಾನು ಕಂಡುಕೊಂಡ ಉಪಾಯ.

ನಮ್ಮ ಕಡೆಯ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಕುಕ್ಕಿಯನ್ನು ಮಾಡಲಾಗದು. ನನ್ನ ಮೊದಲ ಪ್ರಯತ್ನ ಹಾಳಾದದ್ದು ಜುಲೈ ತಿಂಗಳಲ್ಲಿ. ಒಂದು ವಾರ ಬಿಡದೆ ಸುರಿದ ಮಳೆಯಲ್ಲಿ ಮೈದಾ ಡಬ್ಬಿಯೊಳಗೇ ತೇವ ಹೀರಿಕೊಂಡಿತ್ತು. ಅದನ್ನು ಗಮನಿಸದೆ ಬೇಸಿಗೆಯ ಅಳತೆಯಲ್ಲಿಯೇ ಹಾಲು ಹಾಕಿದೆ. ಉಂಡೆಗಳು ಟ್ರೇಯಲ್ಲಿ ಒಂದಕ್ಕೊಂದು ಹರಿದು ಕೂಡಿಕೊಂಡು ಹಲಗೆಯಂತಾದವು, ಮೇಲಿನ ಸಕ್ಕರೆ ಲೇಪನ ರಾತ್ರಿಯಿಡೀ ಆರದೆ ಬೆಳಿಗ್ಗೆ ಅಂಟಾಗಿ ಜಾರುತ್ತಿತ್ತು. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹಾಲನ್ನು ಒಂದೇ ದೊಡ್ಡ ಚಮಚಕ್ಕೆ ಇಳಿಸುತ್ತೇನೆ, ಲೇಪನವನ್ನು ಕೈಬಿಡುತ್ತೇನೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ತೊಂದರೆ ಬೇರೆ ಬಗೆಯದು. ಬೆಣ್ಣೆ ಕಲ್ಲಿನಂತಿದ್ದು ಸಕ್ಕರೆಯೊಡನೆ ಬೆರೆಯುವುದೇ ಇಲ್ಲ. ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನ ಮೇಲೆ ಒಂದೆರಡು ನಿಮಿಷ ಹಿಡಿದರೆ ಸರಿಹೋಗುತ್ತದೆ, ಆದರೆ ಕರಗಲು ಬಿಡಬಾರದು.

ಲೇಪನಕ್ಕೆ ಅರ್ಧ ಟೀ ಚಮಚ ಜಜ್ಜಿದ ಸೋಂಪನ್ನು 3 ದೊಡ್ಡ ಚಮಚ ಹಾಲಿನಲ್ಲಿ ಕುದಿ ಬರಿಸಿ, ಆರಿಸಿ, ಸೋಸಿಟ್ಟುಕೊಳ್ಳಬೇಕು. 120 ಗ್ರಾಂ ನುಣ್ಣನೆಯ ಪುಡಿ ಸಕ್ಕರೆಯನ್ನು ಜರಡಿ ಹಿಡಿದು, ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡಿದ್ದಾದರೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಸೇರಿಸಿ, ಆ ಹಾಲನ್ನು ಚಮಚ ಚಮಚವಾಗಿ ಹಾಕುತ್ತ ಕಲೆಸಬೇಕು. ಚಮಚವನ್ನೆತ್ತಿ ಸುರಿದರೆ ಬಿದ್ದ ಗೆರೆ ಹತ್ತು ಎಣಿಸುವಷ್ಟರಲ್ಲಿ ಮಾಯವಾಗುವುದು ಸರಿಯಾದ ಹದ. ಹಾಲನ್ನೆಲ್ಲ ಮುಗಿಸಬೇಕಾಗಿಲ್ಲ, ಎರಡು ಚಮಚಕ್ಕಿಂತ ಕಡಿಮೆಯೇ ಸಾಕಾಗಬಹುದು. ಕುಕ್ಕಿ ಪೂರ್ತಿ ಆರಿದ ಮೇಲೆ ತಲೆಕೆಳಗಾಗಿ ಅದ್ದಿ, ಒಮ್ಮೆ ತಿರುಚಿ ಎತ್ತಿ, ಜಾಲರಿಯ ಮೇಲಿಡಬೇಕು. ಬಿಸಿಯಿದ್ದಾಗ ಅದ್ದಿದರೆ ಸಕ್ಕರೆ ಕರಗಿ ಇಳಿದುಹೋಗುತ್ತದೆ. ಇಟಲಿಯವರು ಒದ್ದೆಯಿರುವಾಗಲೇ ಅದರ ಮೇಲೆ ಬಣ್ಣಬಣ್ಣದ ಸಕ್ಕರೆ ಮಣಿಗಳನ್ನು ಉದುರಿಸುತ್ತಾರೆ. ನಮ್ಮ ಮನೆಯ ಮಕ್ಕಳಿಗೆ ಜಾತ್ರೆಯಲ್ಲಿ ಮಾರುವ ಜೀರಿಗೆ ಪೆಪ್ಪರ್‌ಮೆಂಟ್ ಉದುರಿಸಿದ್ದೇ ಇಷ್ಟ, ಅದು ಈ ಕುಕ್ಕಿಗೆ ಚೆನ್ನಾಗಿ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯವೂ ಹೌದು.

ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಅವರಿಗಾಗಿ ಬೇರೆ ಹಿಟ್ಟು ಕಲೆಸುತ್ತೇನೆ. ಎರಡು ಮೊಟ್ಟೆಯ ಬದಲು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ನೀರಿಳಿಸಿದ, ಹೆಚ್ಚು ಹುಳಿಯಿಲ್ಲದ 100 ಗ್ರಾಂ ಗಟ್ಟಿ ಮೊಸರು, ಅದರ ಅಲ್ಪ ಹುಳಿಯನ್ನು ಸರಿದೂಗಿಸಲು ಎರಡು ಚಿಟಿಕೆ ಅಡುಗೆ ಸೋಡ. ಸೋಡ ಹಾಕಿದಾಗ ಬೇಕಿಂಗ್ ಪೌಡರನ್ನು ಒಂದು ಟೀ ಚಮಚಕ್ಕೆ ಇಳಿಸಬೇಕು. ಹಾಲನ್ನು ಮೊದಲೇ ಸೇರಿಸದೆ, ಹಿಟ್ಟು ಕೂಡಿಕೊಳ್ಳದಿದ್ದರೆ ಮಾತ್ರ ಚೂರು ಚೂರೇ ಹಾಕಬೇಕು. ಮೊಟ್ಟೆಯ ಕುಕ್ಕಿಯಷ್ಟು ಇದು ಉಬ್ಬುವುದಿಲ್ಲ, ಒಳಭಾಗ ತುಸು ಒತ್ತಾಗಿರುತ್ತದೆ, ಆದರೆ ಮೃದುತ್ವದಲ್ಲಿ ಕಡಿಮೆಯೇನಿಲ್ಲ. ಮೊಸರಿನ ಹಿನ್ನೆಲೆಯಲ್ಲಿ ಸೋಂಪು ಇನ್ನೂ ಎದ್ದು ಕಾಣುತ್ತದೆ. ಮೊದಲ ದಿನ ಅನುಮಾನದಿಂದ ಒತ್ತಿ ನೋಡಿದ ಅತ್ತೆಯವರು ಈಗ ಸಂಜೆಯ ಕಾಫಿಗೆ ಇದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಚಿಕೋರಿ ಬೆರೆಸದ ಫಿಲ್ಟರ್ ಕಾಫಿಯ ಶುದ್ಧ ಕಹಿಯ ಜೊತೆ ಇದರ ತಂಪು ಸಿಹಿ ಹಿತವಾಗಿರುತ್ತದೆ.

ಕುಕ್ಕಿ ಪೂರ್ತಿ ಆರಿ, ಲೇಪನ ಮುಟ್ಟಿದರೆ ಅಂಟದಂತಾದ ಮೇಲೆ, ಸಾಲುಗಳ ನಡುವೆ ಬಟರ್ ಪೇಪರ್ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಬೇಕು. ಪರಿಮಳ ಮಾಡಿದ ದಿನಕ್ಕಿಂತ ಮರುದಿನ ಹೆಚ್ಚು ಹರಡಿಕೊಂಡಿರುತ್ತದೆ, ಆದ್ದರಿಂದ ಹಬ್ಬಕ್ಕೋ ನೆಂಟರಿಗೋ ಮಾಡುವವರು ಹಿಂದಿನ ದಿನವೇ ಬೇಯಿಸಿಡುವುದು ಲೇಸು. ನಾಲ್ಕು ದಿನ ಮೆತ್ತಗೆ ಉಳಿಯುತ್ತದೆ. ಖಾರಾ ಬಿಸ್ಕತ್ತು, ಚಕ್ಕುಲಿಗಳ ಡಬ್ಬಿಯಲ್ಲಿ ಇದನ್ನು ಜೊತೆಗಿಟ್ಟರೆ ಇದರ ತೇವ ಅವಕ್ಕೆ ಹೋಗಿ ಎರಡೂ ಕೆಡುತ್ತವೆ. ಒಮ್ಮೆಗೇ 28 ಬೇಡವೆನ್ನುವವರು ಉಳಿದ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಒಂದು ತಿಂಗಳ ಮಟ್ಟಿಗೆ ಇಡಬಹುದು. ಬೇಕಾದ ದಿನ ಕರಗಿಸದೆ ನೇರವಾಗಿ ಟ್ರೇಗೆ ಹಾಕಿ, ಹೇಳಿದ ಸಮಯಕ್ಕಿಂತ ಎರಡು ಮೂರು ನಿಮಿಷ ಹೆಚ್ಚು ಬೇಯಿಸಿದರೆ ಸಾಕು.